ಬಿಸಿ ಕಾಂಪೋಸ್ಟ್ ಮತ್ತು ಅದರ ಪರ್ಯಾಯಗಳು: ಮನೆಯ ತೋಟಕ್ಕೆ ಯಾವುದು ಹೊಂದುತ್ತದೆ?

ಮನೆಯ ತೋಟಕ್ಕೆ ಬೇಕಾದ ಗೊಬ್ಬರವನ್ನು ತಾವೇ ಮಾಡಿಕೊಳ್ಳಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ವಿಧಾನದಲ್ಲಿ ಗೊಬ್ಬರ ಬೇಗ ಕೈಗೆ ಬರುತ್ತದೆ ಎಂಬುದನ್ನು. ಅದಕ್ಕೆ ಉತ್ತರ ಸುಲಭವಾಗಿದೆ. ಸರಿಯಾಗಿ ಕಟ್ಟಿದ ಬಿಸಿ ಕಾಂಪೋಸ್ಟ್ ರಾಶಿ ಕೆಲವೇ ವಾರಗಳಲ್ಲಿ ಕಳಿತು ಕಪ್ಪಾಗುತ್ತದೆ. ಉಳಿದ ಹೆಚ್ಚಿನ ವಿಧಾನಗಳು ತಿಂಗಳುಗಳನ್ನು ಬೇಡುತ್ತವೆ. ಆದರೆ ಈ ಉತ್ತರವನ್ನಷ್ಟೇ ನಂಬಿ ಆರಂಭಿಸಿದ ಎಷ್ಟೋ ರಾಶಿಗಳು ಒಮ್ಮೆಯೂ ಬಿಸಿಯಾಗದೆ ತೋಟದ ಮೂಲೆಯಲ್ಲಿ ಬಿದ್ದಿರುತ್ತವೆ. ವೇಗಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಕಸದ ಪೂರೈಕೆಯ ಪ್ರಶ್ನೆಯನ್ನು. ನಿಮ್ಮಲ್ಲಿ ಕಸ ದಿನಕ್ಕಿಷ್ಟು ಎಂದು ಸ್ವಲ್ಪ ಸ್ವಲ್ಪವಾಗಿ ಬರುತ್ತದೆಯೇ, ಅಥವಾ ಹುಲ್ಲು ಕತ್ತರಿಸಿದಾಗ, ಬೇಲಿ ಸವರಿದಾಗ, ಎಲೆ ಉದುರುವ ಕಾಲದಲ್ಲಿ ಒಮ್ಮೆಗೇ ಹೇರಳವಾಗಿ ಬರುತ್ತದೆಯೇ? ದಿನವೂ ಒಂದು ಬಟ್ಟಲಿನಷ್ಟು ಸಿಪ್ಪೆ ಮಾತ್ರ ಸಿಗುವ ಮನೆಯಲ್ಲಿ ಬಿಸಿ ಕಾಂಪೋಸ್ಟ್ ಮಾಡುವುದು ಕಷ್ಟವೆನ್ನುವುದಕ್ಕಿಂತ, ಭೌತಿಕವಾಗಿ ಅದಕ್ಕೆ ಅವಕಾಶವೇ ಇಲ್ಲವೆನ್ನುವುದು ಹೆಚ್ಚು ಸರಿ. ಹೀಗೇಕೆ ಎಂಬುದನ್ನು ತಿಳಿದುಕೊಂಡರೆ ಉಳಿದ ಆಯ್ಕೆಗಳು ಬಹುಮಟ್ಟಿಗೆ ತಾವಾಗಿಯೇ ಸ್ಪಷ್ಟವಾಗುತ್ತವೆ.

ರಾಶಿ ಬಿಸಿಯಾಗುವ ಬಗೆ

ಹಸಿ ಮತ್ತು ಒಣ ಕಸವನ್ನು ಬೆರೆಸಿ, ನೀರು ಹಾಕಿ ಒಟ್ಟಿದಾಗ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಮೊದಲು ಸಕ್ಕರೆ, ಪಿಷ್ಟ ಮತ್ತು ಪ್ರೋಟೀನುಗಳನ್ನು ಒಡೆಯತೊಡಗುತ್ತವೆ. ಈ ಕ್ರಿಯೆಯಲ್ಲಿ ಶಾಖ ಬಿಡುಗಡೆಯಾಗುತ್ತದೆ. ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಸಾಮಾನ್ಯ ಉಷ್ಣತೆಯನ್ನು ಬಯಸುವ ಜೀವಿಗಳು ಕೆಲಸ ಮಾಡುತ್ತವೆ. ಅಲ್ಲಿಂದಾಚೆಗೆ ಅವು ಹಿಂದೆ ಸರಿದು, ಶಾಖವನ್ನು ಪ್ರೀತಿಸುವ ಬೇರೆ ಬ್ಯಾಕ್ಟೀರಿಯಾಗಳು ಕೆಲಸವನ್ನು ವಹಿಸಿಕೊಳ್ಳುತ್ತವೆ. ಚೆನ್ನಾಗಿ ಕಟ್ಟಿದ ರಾಶಿಯ ಒಡಲು ಎರಡು ಮೂರು ದಿನಗಳಲ್ಲೇ 55ರಿಂದ 65 ಡಿಗ್ರಿಗೆ ಏರುತ್ತದೆ. 70 ಡಿಗ್ರಿಯನ್ನು ಮೀರಿದರೆ ಆ ಜೀವಿಗಳಲ್ಲಿಯೂ ಹೆಚ್ಚಿನವು ಸಾಯುವುದರಿಂದ, ಅತಿಯಾದ ಬಿಸಿಯೂ ಕೊಳೆಯುವಿಕೆಯನ್ನು ನಿಧಾನಗೊಳಿಸುತ್ತದೆ.

ಆದರೆ ಶಾಖ ಹುಟ್ಟಿದರೆ ಸಾಲದು, ಅದು ಉಳಿಯಬೇಕು. ರಾಶಿಯ ಹೊರಭಾಗವೇ ಒಳಭಾಗಕ್ಕೆ ಕಂಬಳಿಯಾಗಿ ಹೊದ್ದುಕೊಂಡಿರುತ್ತದೆ. ರಾಶಿ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚಾಗಿ, ಹುಟ್ಟಿದ ಶಾಖ ಹುಟ್ಟಿದ ಹಾಗೆಯೇ ಗಾಳಿಗೆ ಸೇರಿ ಹೋಗುತ್ತದೆ. ಆದ್ದರಿಂದಲೇ ಉದ್ದ, ಅಗಲ, ಎತ್ತರ ಮೂರೂ ಕನಿಷ್ಠ ಒಂದೊಂದು ಮೀಟರ್ ಇರಬೇಕೆಂಬ ನಿಯಮ ರೂಢಿಗೆ ಬಂದಿದೆ. ಹಾಗೆಂದು ಒಂದೂವರೆ ಮೀಟರಿಗಿಂತ ಎತ್ತರವಾಗಿ ಒಟ್ಟಿದರೆ ತನ್ನದೇ ಭಾರಕ್ಕೆ ಕೆಳಭಾಗ ಒತ್ತಿಕೊಂಡು ಗಾಳಿ ಆಡದಂತಾಗುತ್ತದೆ. ಒಂದು ಘನ ಮೀಟರ್ ಎಂದರೆ 1,000 ಲೀಟರ್, ಅಂದರೆ 20 ಲೀಟರಿನ ಬಕೆಟ್ಟಿನಲ್ಲಿ ಐವತ್ತು ಬಕೆಟ್. ಅಷ್ಟು ಕಸವನ್ನು ಒಂದೇ ದಿನ ಒಟ್ಟುಗೂಡಿಸಲು ಸಾಧ್ಯವೇ ಎಂದು ನಿಮ್ಮ ತೋಟದಲ್ಲಿ ಒಮ್ಮೆ ನಿಂತು ನೋಡುವುದು ಯಾವ ಮಾರ್ಗದರ್ಶಿಯನ್ನು ಓದುವುದಕ್ಕಿಂತಲೂ ಹೆಚ್ಚು ಉಪಯುಕ್ತ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋದ ರಾಶಿಯೂ ಕೊನೆಗೆ ಅಷ್ಟೇ ಎತ್ತರಕ್ಕೆ ಬೆಳೆಯಬಹುದಾದರೂ, ಅಷ್ಟರಲ್ಲಿ ಕೆಳಗಿನ ಪದರಗಳಲ್ಲಿ ಸುಲಭವಾಗಿ ಉರಿಯಬಲ್ಲ ಆಹಾರ ಮುಗಿದುಹೋಗಿರುವುದರಿಂದ ಅದು ಬಿಸಿಯಾಗುವುದಿಲ್ಲ.

ಶಾಖ ಕೊಡುವುದೇನು, ಕಸಿದುಕೊಳ್ಳುವುದೇನು

ಬಿಸಿ ಕಾಂಪೋಸ್ಟಿನ ನಿಜವಾದ ಲಾಭ ವೇಗಕ್ಕಿಂತ ಹೆಚ್ಚಾಗಿ ಶುದ್ಧೀಕರಣದಲ್ಲಿದೆ ಎಂಬುದು ನನ್ನ ಅಭಿಪ್ರಾಯ. 55 ಡಿಗ್ರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಹಲವು ದಿನ ಕಳೆದರೆ ಮನುಷ್ಯರಿಗೆ ರೋಗ ತರುವ ಬ್ಯಾಕ್ಟೀರಿಯಾಗಳು, ಹುಳುಗಳ ಮೊಟ್ಟೆಗಳು ಮತ್ತು ಸಸ್ಯರೋಗಗಳನ್ನು ಹರಡುವ ಬಹುಪಾಲು ಶಿಲೀಂಧ್ರಗಳು ಸಾಯುತ್ತವೆ. 60 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚಿನ ಕಳೆಬೀಜಗಳೂ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಅಮೆರಿಕದ ಸಾವಯವ ಕೃಷಿ ನಿಯಮಗಳು ಪ್ರಾಣಿಗಳ ಸಗಣಿ ಸೇರಿದ ಕಾಂಪೋಸ್ಟಿಗೆ ಸ್ಪಷ್ಟವಾದ ಅಳತೆಯನ್ನು ಕೊಟ್ಟಿವೆ: ಮುಚ್ಚಿದ ಪಾತ್ರೆಯಲ್ಲಿ ಅಥವಾ ಗಾಳಿ ಹಾಯಿಸುವ ನಿಶ್ಚಲ ರಾಶಿಯಲ್ಲಿ ಮಾಡಿದರೆ 55ರಿಂದ 77 ಡಿಗ್ರಿಯಲ್ಲಿ 3 ದಿನ, ಬಯಲಿನಲ್ಲಿ ಸಾಲುರಾಶಿಯಾಗಿ ಮಾಡಿದರೆ ಅದೇ ಉಷ್ಣತೆಯಲ್ಲಿ 15 ದಿನ, ಆ ಅವಧಿಯಲ್ಲಿ ಕನಿಷ್ಠ 5 ಬಾರಿ ಮಗುಚಿರಬೇಕು. ಈ ಅಳತೆಯನ್ನು ಮುಟ್ಟದ ಗೊಬ್ಬರವನ್ನು ಅವು ಹಸಿ ಸಗಣಿ ಎಂದೇ ಪರಿಗಣಿಸುತ್ತವೆ. ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗಳಿಗೆ ಅಂಥದ್ದನ್ನು ಹಾಕಿದರೆ ಕೊಯ್ಲಿಗೆ ಮೊದಲು 120 ದಿನ, ಮಣ್ಣಿಗೆ ತಾಗದ ಬೆಳೆಗಳಿಗಾದರೆ 90 ದಿನ ಕಳೆದಿರಬೇಕು. ಆ ನಿಯಮ ಬರೆದದ್ದು ಕೃಷಿಕರಿಗಾಗಿಯೇ ಆದರೂ, ಹಸಿಯಾಗಿ ತಿನ್ನುವ ಸೊಪ್ಪು ಮತ್ತು ಗಡ್ಡೆಗಳನ್ನು ಬೆಳೆಯುವ ಮನೆಯವರಿಗೂ ಅದು ಒಳ್ಳೆಯ ಮಾನದಂಡ.

ಮಗುಚುವುದಕ್ಕೆ ಇಷ್ಟು ಮಹತ್ವ ಏಕೆಂಬುದನ್ನೂ ಇಲ್ಲೇ ಹೇಳಬೇಕು. ಒಡಲು 60 ಡಿಗ್ರಿ ಇದ್ದಾಗಲೂ ಹೊರಗಿನ ಒಂದು ಗೇಣಿನಷ್ಟು ಭಾಗ ಬಹುತೇಕ ಹೊರಗಿನ ಗಾಳಿಯ ಉಷ್ಣತೆಯಲ್ಲೇ ಇರುತ್ತದೆ. ಹೊರಗಿನದನ್ನು ಒಳಕ್ಕೂ ಒಳಗಿನದನ್ನು ಹೊರಕ್ಕೂ ತಂದು ಮತ್ತೆ ಕಟ್ಟದಿದ್ದರೆ, ರಾಶಿ ಬಿಸಿಯಾಗಿತ್ತು ಎಂಬ ಸಮಾಧಾನವಷ್ಟೇ ಉಳಿದು ಅಂಚಿನಲ್ಲಿದ್ದ ಕಳೆಬೀಜಗಳೆಲ್ಲ ಜೀವಂತವಾಗಿ ಪಾತಿಗೆ ಬರುತ್ತವೆ.

ಶಾಖಕ್ಕೂ ಮಿತಿಗಳಿವೆ. ತಂಬಾಕು ಮೊಸಾಯಿಕ್ ವೈರಸ್ಸಿನಂಥ ಕೆಲವು ರೋಗಕಾರಕಗಳು ಮನೆಯ ರಾಶಿಯ ಬಿಸಿಯನ್ನು ತಾಳಿಕೊಳ್ಳುತ್ತವೆ. ಗಟ್ಟಿ ಸಿಪ್ಪೆಯ ಕೆಲವು ಕಳೆಬೀಜಗಳೂ ಉಳಿಯುತ್ತವೆ. ಅಗಲ ಎಲೆಯ ಕಳೆಗಳನ್ನು ಕೊಲ್ಲಲು ಹುಲ್ಲುಗಾವಲಿಗೆ ಸಿಂಪಡಿಸುವ ಅಮಿನೋಪೈರಾಲಿಡ್ ಮತ್ತು ಕ್ಲೋಪೈರಾಲಿಡ್ ಎಂಬ ಕಳೆನಾಶಕಗಳು ಹುಲ್ಲನ್ನು ತಿಂದ ಪ್ರಾಣಿಯ ಹೊಟ್ಟೆಯನ್ನೂ, ಆ ಮೇಲೆ ಕಾಂಪೋಸ್ಟ್ ರಾಶಿಯನ್ನೂ ದಾಟಿ ಬಂದು ಟೊಮೆಟೊ, ಹುರುಳಿಕಾಯಿ, ಬಟಾಣಿ ಗಿಡಗಳ ಎಲೆಯನ್ನು ಸುರುಟಿಸಬಲ್ಲವು. ಹೊರಗಿನಿಂದ ಹುಲ್ಲು ಅಥವಾ ಸಗಣಿ ತರುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ಇನ್ನು ನಷ್ಟದ ಲೆಕ್ಕ. ಬಿಸಿ ರಾಶಿಯಲ್ಲಿ ಇಂಗಾಲ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ, ಗಾತ್ರ ಸುಮಾರು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ. ಹಸಿ ಕಸದ ಪಾಲು ಮಿತಿಮೀರಿದರೆ ಸಾರಜನಕ ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ. ಮೂಗಿಗೆ ಚುರುಗುಟ್ಟುವ ಆ ವಾಸನೆ ಬಂದಾಗಲೆಲ್ಲ ಗಿಡಕ್ಕೆ ಸೇರಬೇಕಾದ ಸತ್ವ ಗಾಳಿಪಾಲಾಗುತ್ತಿದೆ ಎಂದೇ ತಿಳಿಯಬೇಕು. ಸುಣ್ಣ ಹಾಕಿದರೆ ವಾಸನೆ ಹೋಗುತ್ತದೆ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆಯಾದರೂ, ಸುಣ್ಣ ರಾಶಿಯನ್ನು ಕ್ಷಾರೀಯಗೊಳಿಸಿ ಅಮೋನಿಯದ ನಷ್ಟವನ್ನು ಹೆಚ್ಚಿಸುತ್ತದೆ. ಅಲ್ಲಿ ಬೇಕಾದದ್ದು ಒಣ ಎಲೆ.

ಬಿಸಿ ರಾಶಿಯಲ್ಲೇ ಎರಡು ದಾರಿಗಳು

ಬಿಸಿ ಕಾಂಪೋಸ್ಟ್ ಎಂಬುದು ಒಂದೇ ವಿಧಾನದ ಹೆಸರಲ್ಲ. ಇದರಲ್ಲಿ ಹೆಚ್ಚು ಪ್ರಸಿದ್ಧವಾದ ಎರಡು ಕ್ರಮಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಮೊದಲನೆಯದು ಆಲ್ಬರ್ಟ್ ಹೋವರ್ಡ್ ಅವರು ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿ 1924ರಿಂದ 1931ರವರೆಗೆ ಕೆಲಸ ಮಾಡುತ್ತಿದ್ದಾಗ ಯಶವಂತ ವಾಡ್ ಅವರ ಜೊತೆಗೂಡಿ ರೂಪಿಸಿದ ಇಂದೋರ್ ಪದ್ಧತಿ. ಇದರಲ್ಲಿ ಸಸ್ಯತ್ಯಾಜ್ಯ, ಸಗಣಿ, ಗಂಜಲ ಹೀರಿದ ಮಣ್ಣು ಮತ್ತು ಕಟ್ಟಿಗೆಯ ಬೂದಿಯನ್ನು ಪದರ ಪದರವಾಗಿ ಹಾಕಿ, ಸುಮಾರು ಎರಡು ವಾರ, ಒಂದು ತಿಂಗಳು ಮತ್ತು ಎರಡು ತಿಂಗಳ ಹೊತ್ತಿಗೆ ಒಟ್ಟು ಮೂರು ಸಲ ಮಗುಚಿದರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಎರಡನೆಯದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ರಾಬರ್ಟ್ ರಾಬ್ ಅವರು ಪ್ರಚಾರಕ್ಕೆ ತಂದ ಶೀಘ್ರ ವಿಧಾನ. ಇಲ್ಲಿ ಎಲ್ಲ ಕಸವನ್ನೂ ಅರ್ಧದಿಂದ ಒಂದೂವರೆ ಇಂಚಿನ ಚೂರುಗಳಾಗಿ ಕತ್ತರಿಸಿ, ಹಸಿ ಮತ್ತು ಒಣ ವಸ್ತುಗಳನ್ನು ಗಾತ್ರದಲ್ಲಿ ಸಮಸಮವಾಗಿ ಬೆರೆಸಿ, ರಾಶಿ ಬಿಸಿಯಾದ ಮೇಲೆ ದಿನವೂ ಮಗುಚಿದರೆ ಸುಮಾರು ಎರಡು ವಾರ, ದಿನ ಬಿಟ್ಟು ದಿನ ಮಗುಚಿದರೆ ಸುಮಾರು ಮೂರು ವಾರ ಬೇಕಾಗುತ್ತದೆ. ಮಣ್ಣು, ಬೂದಿ, ಸುಣ್ಣ ಯಾವುದನ್ನೂ ಈ ವಿಧಾನದಲ್ಲಿ ಸೇರಿಸುವಂತಿಲ್ಲ. ಒಮ್ಮೆ ಕಟ್ಟಿದ ರಾಶಿಗೆ ಹೊಸ ಕಸವನ್ನೂ ಹಾಕುವಂತಿಲ್ಲ, ಏಕೆಂದರೆ ಹಾಗೆ ಸೇರಿಸಿದ ಪ್ರತಿಯೊಂದು ಹಿಡಿಯೂ ಮೊದಲಿನಿಂದ ಕೊಳೆಯಲು ಆರಂಭಿಸುತ್ತದೆ.

ಮೂರು ವಾರದ ಮಾತು ಆಕರ್ಷಕವಾಗಿ ಕೇಳಿಸುತ್ತದೆ, ಆದರೆ ಸುಮಾರು ಅರ್ಧ ಟನ್ನಿನಷ್ಟು ತೇವದ ಕಸವನ್ನು ಆ ಮೂರು ವಾರಗಳಲ್ಲಿ ಎಂಟು ಹತ್ತು ಸಲ ಎತ್ತಿ ಹಾಕಬೇಕೆಂಬುದನ್ನು ಆ ಮಾತಿನ ಜೊತೆಗೇ ಓದಿಕೊಳ್ಳಬೇಕು. ಬೆನ್ನುನೋವಿರುವವರಿಗೆ, ವಾರದಲ್ಲಿ ಒಂದೇ ದಿನ ತೋಟಕ್ಕೆ ಇಳಿಯುವವರಿಗೆ ಇಂದೋರ್ ಪದ್ಧತಿಯ ಲಯವೇ ಹೆಚ್ಚು ಹೊಂದುತ್ತದೆ. ಬಿತ್ತನೆಗೆ ಇನ್ನೆರಡು ತಿಂಗಳಿದೆ, ಪಾತಿಗಳು ಬರಡಾಗಿವೆ, ಕಸ ಬೇಕಾದಷ್ಟಿದೆ ಎನ್ನುವವರು ಬರ್ಕ್ಲಿಯ ದಾರಿ ಹಿಡಿಯಬಹುದು. ಇವೆರಡರ ನಡುವೆ, ಉಷ್ಣತೆಯನ್ನು ಅಳೆದು ಅದು 65 ಡಿಗ್ರಿ ದಾಟಿದಾಗ ಅಥವಾ ಏರಿದ ಮೇಲೆ 50ಕ್ಕಿಂತ ಕೆಳಗಿಳಿದಾಗ ಮಾತ್ರ ಮಗುಚುವ ಮಧ್ಯಮ ಕ್ರಮವೂ ಇದೆ. ಇದರಲ್ಲಿ ದುಡಿಮೆ ವ್ಯರ್ಥವಾಗುವುದಿಲ್ಲ, ಒಂದೂವರೆ ಎರಡು ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಉದ್ದನೆಯ ಕಡ್ಡಿಯ ಕಾಂಪೋಸ್ಟ್ ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳೊಂದನ್ನು ರಾಶಿಯ ಒಡಲಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡಬಹುದು; ಹಿಡಿದುಕೊಂಡಿರಲಾಗದಷ್ಟು ಸುಟ್ಟರೆ ಬಿಸಿ ಸಾಕಷ್ಟಿದೆ ಎಂದರ್ಥ.

ಯಾವ ಕ್ರಮವನ್ನು ಹಿಡಿದರೂ ಹದದ ಮೂರು ಅಂಶಗಳು ಬದಲಾಗುವುದಿಲ್ಲ. ಮೊದಲನೆಯದು ಇಂಗಾಲ ಮತ್ತು ಸಾರಜನಕದ ಅನುಪಾತ. ಆರಂಭದಲ್ಲಿ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ರಾಶಿ ಚೆನ್ನಾಗಿ ಕಾಯುತ್ತದೆ. ಹಸಿ ಹುಲ್ಲು ಮತ್ತು ತರಕಾರಿ ಸಿಪ್ಪೆಗಳಲ್ಲಿ ಈ ಅನುಪಾತ 15ರಿಂದ 20ರಷ್ಟು, ಕೋಳಿಗೊಬ್ಬರದಲ್ಲಿ ಅದಕ್ಕಿಂತಲೂ ಕಡಿಮೆ. ತರಗೆಲೆಯಲ್ಲಿ ಮರದ ಜಾತಿಯನ್ನು ಅನುಸರಿಸಿ 40ರಿಂದ 80, ಮರದ ಹೊಟ್ಟಿನಲ್ಲಿ ಕೆಲವು ನೂರು. ಇದನ್ನು ಕಾಗದದ ಮೇಲೆ ಲೆಕ್ಕ ಹಾಕುತ್ತ ಕೂರುವುದು ಮನೆಯ ತೋಟಕ್ಕೆ ಅನಗತ್ಯ. ಗಾತ್ರದಲ್ಲಿ ಸಮಪಾಲಿನಿಂದ ಆರಂಭಿಸಿ, ಅಮೋನಿಯ ವಾಸನೆ ಬಂದರೆ ಒಣದನ್ನು, ಮೂರು ದಿನವಾದರೂ ಬಿಸಿಯೇರದಿದ್ದರೆ ಹಸಿಯನ್ನು ಹೆಚ್ಚಿಸಿದರೆ ಸಾಕು. ಮರದ ಹೊಟ್ಟನ್ನು ಮಾತ್ರ ಕೈಬಿಗಿಹಿಡಿದು ಬಳಸಬೇಕು. ಎರಡನೆಯದು ತೇವ. ರಾಶಿಯ ತೂಕದಲ್ಲಿ 50ರಿಂದ 60 ಶೇಕಡಾ ನೀರಿರಬೇಕು. ಒಂದು ಹಿಡಿಯನ್ನು ಬಲವಾಗಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಉದುರಿದರೆ ಅದು ಸರಿಯಾದ ಹದ. ಒಣ ಎಲೆಗಳು ರಾಶಿಯೊಳಗೆ ಸೇರಿದ ಮೇಲೆ ನೀರನ್ನು ಸುಲಭವಾಗಿ ಕುಡಿಯುವುದಿಲ್ಲವಾದ್ದರಿಂದ ಕಟ್ಟುವಾಗಲೇ ಪದರ ಪದರಕ್ಕೆ ನೀರು ಚಿಮುಕಿಸಬೇಕು, ಮೇಲಿನಿಂದ ಒಮ್ಮೆ ಸುರಿದರೆ ಪ್ರಯೋಜನವಿಲ್ಲ. ಮೂರನೆಯದು ಗಾಳಿ. ಕತ್ತರಿಸಿದ ಹಸಿ ಹುಲ್ಲನ್ನು ದಪ್ಪ ಪದರವಾಗಿ ಹಾಕಿದರೆ ಅದು ಚಾಪೆಗಟ್ಟಿ ಒಳಗೆ ಲೋಳೆಯಾಗುತ್ತದೆ, ಕೊಳೆತ ಮೊಟ್ಟೆಯ ನಾತ ಬರುತ್ತದೆ. ತಳದಲ್ಲಿ ಒರಟು ಕಡ್ಡಿಗಳನ್ನು ಹರಡಿ, ಹುಲ್ಲನ್ನು ಒಣ ವಸ್ತುವಿನೊಂದಿಗೆ ಕಲಸಿಯೇ ಹಾಕಿದರೆ ಈ ತೊಂದರೆ ಬರುವುದಿಲ್ಲ. ಕಾಂಪೋಸ್ಟ್ ಬೇಗ ಆಗಲೆಂದು ಮಾರುವ ಪುಡಿಗಳ ಬಗ್ಗೆ ಒಂದು ಮಾತು: ಬೇಕಾದ ಸೂಕ್ಷ್ಮಾಣುಗಳೆಲ್ಲ ಎಲೆಯ ಮೇಲೆ, ಮಣ್ಣಿನಲ್ಲಿ, ಸಗಣಿಯಲ್ಲಿ ಆಗಲೇ ಇರುತ್ತವೆ, ಹದ ಸರಿಯಿದ್ದರೆ ಆ ಪುಡಿ ಬೇಡ, ಹದ ತಪ್ಪಿದ್ದರೆ ಆ ಪುಡಿಯಿಂದ ಅದು ಸರಿಹೋಗುವುದೂ ಇಲ್ಲ.

ತಣ್ಣನೆಯ ರಾಶಿ

ಕಸ ಬಂದ ಹಾಗೆ ಒಂದು ಕಡೆ ಹಾಕುತ್ತ ಹೋಗಿ, ಅಪರೂಪಕ್ಕೊಮ್ಮೆ ಮಗುಚಿಯೋ ಮಗುಚದೆಯೋ, ಆರು ತಿಂಗಳಿನಿಂದ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಬಿಟ್ಟು ತಳದಿಂದ ಗೊಬ್ಬರ ತೆಗೆಯುವುದು ತಣ್ಣನೆಯ ವಿಧಾನ. ಹಳೆಯ ತಿಪ್ಪೆ ಇದರದೇ ರೂಪ. ಬಿಸಿ ಕಾಂಪೋಸ್ಟನ್ನು ಹೊಗಳುವವರು ಇದನ್ನು ಸೋಮಾರಿಗಳ ವಿಧಾನವೆಂದು ತಳ್ಳಿಹಾಕುವುದುಂಟು, ಅದು ನ್ಯಾಯವಲ್ಲ. ಇಲ್ಲಿ ದುಡಿಮೆ ಅತ್ಯಲ್ಪ, ಶಿಲೀಂಧ್ರಗಳಿಗೆ, ಎರೆಹುಳುಗಳಿಗೆ ಮತ್ತು ಇತರ ಚಿಕ್ಕ ಜೀವಿಗಳಿಗೆ ನೆಲೆಸಲು ಸಮಯವಿದೆ, ಗಟ್ಟಿಯಾದ ನಾರು ನಿಧಾನವಾಗಿ ಒಡೆಯಲು ಅವಕಾಶವಿದೆ. ಹೆಚ್ಚಾಗಿ ತರಗೆಲೆಯೇ ಸಿಗುವ ತೋಟದಲ್ಲಂತೂ ಬಿಸಿ ರಾಶಿಗಾಗಿ ಹಸಿ ಕಸ ಹುಡುಕುತ್ತ ಅಲೆಯುವುದಕ್ಕಿಂತ, ಎಲೆಗಳನ್ನು ಒದ್ದೆ ಮಾಡಿ ಬಲೆಯ ಗೂಡಿನಲ್ಲಿ ತುಂಬಿ ಒಂದೆರಡು ವರ್ಷ ಬಿಟ್ಟು ಎಲೆಗೊಬ್ಬರ ಮಾಡಿಕೊಳ್ಳುವುದು ಮೇಲು. ಅದರಲ್ಲಿ ಪೋಷಕಾಂಶ ಕಡಿಮೆ, ಆದರೆ ನೀರು ಹಿಡಿದಿಡುವ ಗುಣ ಹೆಚ್ಚು.

ತಣ್ಣನೆಯ ರಾಶಿಯ ದೌರ್ಬಲ್ಯ ಒಂದೇ, ಆದರೆ ಅದು ದೊಡ್ಡದು: ಹಾಕಿದ ಕಳೆಬೀಜ ಮತ್ತು ರೋಗ ಎರಡೂ ಉಳಿದುಕೊಳ್ಳುತ್ತವೆ. ಆದ್ದರಿಂದ ಈ ವಿಧಾನವನ್ನು ಆರಿಸಿಕೊಂಡವರು ರಾಶಿಯೊಳಗೆ ಏನು ಹೋಗುತ್ತದೆ ಎಂಬುದರ ಬಗ್ಗೆ ಬಿಸಿ ರಾಶಿಯವರಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ಬೀಜಕಟ್ಟಿದ ಕಳೆ, ಗಂಟಿನಿಂದಲೂ ಬೇರಿನಿಂದಲೂ ಚಿಗುರುವ ಹುಲ್ಲು, ಸೊರಗು ರೋಗ ಬಂದ ಗಿಡ ಇವಕ್ಕೆ ಇಲ್ಲಿ ಪ್ರವೇಶವಿಲ್ಲ.

ಎರೆಹುಳು

ದಿನವೂ ಸ್ವಲ್ಪ ಸ್ವಲ್ಪ ಅಡುಗೆಮನೆಯ ಕಸ ಬರುವ, ಜಾಗ ಕಡಿಮೆಯಿರುವ ಮನೆಗಳಿಗೆ ಎರೆಹುಳು ಗೊಬ್ಬರವೇ ನೇರವಾದ ಉತ್ತರ. ಬಿಸಿ ರಾಶಿ ಯಾವ ಕಾರಣಕ್ಕೆ ಅಸಾಧ್ಯವಾಗುತ್ತದೆಯೋ ಅದೇ ಕಾರಣಕ್ಕೆ ಇದು ಯಶಸ್ವಿಯಾಗುತ್ತದೆ, ಏಕೆಂದರೆ ಹುಳುಗಳಿಗೆ ಬೇಕಾದದ್ದು ತೆಳುವಾಗಿ, ಆಗಾಗ ಬರುವ ಆಹಾರ, ಮತ್ತು ಅವುಗಳಿಗೆ ಶಾಖವೇ ಶತ್ರು. ಹೆಚ್ಚು ಬಳಕೆಯಲ್ಲಿರುವ ಐಸೀನಿಯ ಫೆಟಿಡಾ ಎಂಬ ಜಾತಿ 15ರಿಂದ 25 ಡಿಗ್ರಿಯಲ್ಲಿ ಚುರುಕಾಗಿರುತ್ತದೆ, 35 ಡಿಗ್ರಿ ದಾಟಿದರೆ ಬದುಕುವುದು ಕಷ್ಟ. ಬೆಚ್ಚನೆಯ ಹವೆಗೆ ಯೂಡ್ರಿಲಸ್ ಯೂಜೀನಿಯೆ ಎಂಬ ಆಫ್ರಿಕಾದ ಜಾತಿ ಹೆಚ್ಚು ಹೊಂದುತ್ತದೆ. ತೋಟದ ಮಣ್ಣನ್ನು ಅಗೆದಾಗ ಸಿಗುವ ಹುಳುಗಳನ್ನು ತಂದು ಬಿಟ್ಟರೆ ಅವು ನಿಲ್ಲುವುದಿಲ್ಲ. ಅವು ಮಣ್ಣಿನಾಳದಲ್ಲಿ ಬಾಳುವ ಬೇರೆಯೇ ಜಾತಿಗಳು.

ಎರೆಹುಳು ಗೊಬ್ಬರ ನುಣ್ಣಗೆ, ಸಮನಾಗಿ ಇರುವುದರಿಂದ ಸಸಿ ಮಾಡುವುದಕ್ಕೂ ಕುಂಡಗಳಿಗೂ ಬಿಸಿ ಕಾಂಪೋಸ್ಟಿಗಿಂತ ಉತ್ತಮ, ಆದರೆ ಇಡೀ ತೋಟಕ್ಕೆ ಸಾಕಾಗುವಷ್ಟನ್ನು ಒಂದೆರಡು ಪೆಟ್ಟಿಗೆಗಳಿಂದ ತೆಗೆಯಲಾಗದು. ಕಳೆಬೀಜಗಳು ಇಲ್ಲಿಯೂ ಸಾಯುವುದಿಲ್ಲ. ಇವೆರಡನ್ನು ವಿರುದ್ಧ ಆಯ್ಕೆಗಳೆಂದು ನೋಡದೆ ಒಂದರ ಹಿಂದೆ ಒಂದನ್ನು ಜೋಡಿಸುವುದು ಜಾಣತನ: ಕಸವನ್ನು ಮೊದಲು ಬಿಸಿ ರಾಶಿಯಲ್ಲಿ ಒಂದೆರಡು ವಾರ ಕಾಯಿಸಿ, ಪೂರ್ತಿ ತಣ್ಣಗಾದ ಮೇಲೆ ಹುಳುಗಳಿಗೆ ಕೊಟ್ಟರೆ ಬೀಜಗಳೂ ಸಾಯುತ್ತವೆ, ನುಣುಪೂ ಸಿಗುತ್ತದೆ. ತಣ್ಣಗಾಗುವ ಮೊದಲೇ ಕೊಟ್ಟರೆ ಹುಳುಗಳು ಉಳಿಯುವುದಿಲ್ಲ.

ಬೊಕಾಶಿ ಮತ್ತು ಹೂಳುವಿಕೆ

ಓಕಿನಾವಾದ ರ‍್ಯೂಕ್ಯೂ ವಿಶ್ವವಿದ್ಯಾಲಯದ ತೆರುವೊ ಹಿಗಾ ಅವರು 1980ರ ದಶಕದಲ್ಲಿ ಪ್ರಚಾರಕ್ಕೆ ತಂದ ಸೂಕ್ಷ್ಮಾಣು ಮಿಶ್ರಣದೊಂದಿಗೆ ಇಂದು ಬೊಕಾಶಿ ಎಂಬ ವಿಧಾನ ಜೋಡಿಕೊಂಡಿದೆ. ಮುಚ್ಚಳ ಬಿಗಿಯಾದ ಬಕೆಟ್ಟಿನಲ್ಲಿ ಅಡುಗೆಮನೆಯ ಕಸವನ್ನು ಸೂಕ್ಷ್ಮಾಣು ಸೇರಿಸಿದ ತವುಡಿನೊಂದಿಗೆ ಒತ್ತಿ ತುಂಬಿ, ತುಂಬಿದ ಮೇಲೆ ಗಾಳಿಯಾಡದಂತೆ ಎರಡು ವಾರ ಇಟ್ಟರೆ ಅದು ಹುಳಿಯುತ್ತದೆ. ಬೇಯಿಸಿದ ಅನ್ನ, ಮಾಂಸ, ಮೀನು ಇವುಗಳನ್ನೂ ಇದು ಸ್ವೀಕರಿಸುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ. ಮನೆಯ ತೆರೆದ ಬಿಸಿ ರಾಶಿಗೆ ಇಂಥವನ್ನು ಹಾಕಿದರೆ ಇಲಿ ನಾಯಿಗಳು ಬರುತ್ತವೆ. ಆದರೆ ಎರಡು ವಾರದ ಕೊನೆಗೆ ಸಿಗುವುದು ಗೊಬ್ಬರವಲ್ಲ, ಹುಳಿತ ಕಸ. ಅದನ್ನು ಮಣ್ಣಿನಲ್ಲಿ ಹೂಳಿ ಇನ್ನೆರಡು ವಾರವಾದರೂ ಕಾಯಬೇಕು, ಅಥವಾ ಕಾಂಪೋಸ್ಟ್ ರಾಶಿಯ ಒಡಲಿಗೆ ಸೇರಿಸಬೇಕು. ಏನೂ ಬೇಡವೆನ್ನುವವರು ಸಸ್ಯಜನ್ಯ ಕಸವನ್ನು ಒಂದು ಅಡಿಯಷ್ಟು ಆಳದ ಕಾಲುವೆಯಲ್ಲಿ ನೇರವಾಗಿ ಹೂಳಿ, ಮುಂದಿನ ಹಂಗಾಮಿನಲ್ಲಿ ಅದರ ಮೇಲೆ ನೆಡಬಹುದು. ಖಾಲಿ ಪಾತಿ ಇರುವವರಿಗೆ ಇದಕ್ಕಿಂತ ಸರಳವಾದದ್ದಿಲ್ಲ.

ಹಾಗಾದರೆ ಆರಿಸಿಕೊಳ್ಳುವುದು ಹೇಗೆ

ಒಂದೇ ದಿನದಲ್ಲಿ ಒಂದು ಘನ ಮೀಟರ್ ಕಸ ಸೇರುವ ಸಂದರ್ಭಗಳು ವರ್ಷಕ್ಕೆ ಒಂದೆರಡು ಸಲವಾದರೂ ಬರುತ್ತವೆಯೇ, ಕಳೆ ಮತ್ತು ರೋಗದ ಗಿಡಗಳನ್ನು ವಿಲೇವಾರಿ ಮಾಡಬೇಕಾಗಿದೆಯೇ, ಹೊರಗಿನ ಸಗಣಿಯನ್ನು ಬಳಸುತ್ತೀರಾ, ಮಗುಚಲು ಕೈಗಳಿವೆಯೇ ಎಂಬ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಹೌದೆಂಬ ಉತ್ತರ ಇದ್ದರೆ ಮಾತ್ರ ಬಿಸಿ ರಾಶಿಯ ಬಗ್ಗೆ ಯೋಚಿಸಬೇಕು. ನಡುವಿನ ಎರಡಕ್ಕೂ ಹೌದೆಂದರೆ ಅದೇ ಅತ್ಯುತ್ತಮ ಆಯ್ಕೆ. ಕೈಗಳಿದ್ದು ಕಸ ಸಾಲದಿದ್ದರೆ ಸಂಗ್ರಹಿಸಿಡುವ ದಾರಿಯಿದೆ. ಒಣ ಎಲೆ ಚೀಲಗಳಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಆದ್ದರಿಂದ ಅದನ್ನು ಕೂಡಿಟ್ಟುಕೊಂಡು, ಹಸಿ ಹುಲ್ಲು ಅಥವಾ ಸಗಣಿ ಹೇರಳವಾಗಿ ದೊರೆತ ದಿನ ಎರಡನ್ನೂ ಬೆರೆಸಿ ರಾಶಿ ಕಟ್ಟಬಹುದು. ಹಸಿಯನ್ನು ಕೂಡಿಡಲು ಹೊರಟರೆ ಅದು ಚೀಲದಲ್ಲೇ ಕೊಳೆತು ನಾರುತ್ತದೆ. ಕಸವಿದ್ದು ಕೈಗಳಿಲ್ಲದಿದ್ದರೆ ತಣ್ಣನೆಯ ರಾಶಿ. ಬಾಲ್ಕನಿಯಲ್ಲಿ ಕುಂಡಗಳಷ್ಟೇ ಇದ್ದರೆ ಎರೆಹುಳುವಿನ ಪೆಟ್ಟಿಗೆ, ಬೇಯಿಸಿದ ಆಹಾರ ಹೆಚ್ಚಾಗಿ ಉಳಿಯುವುದಾದರೆ ಅದಕ್ಕೆ ಬೊಕಾಶಿ ಬಕೆಟ್. ತಿರುಗಿಸುವ ಡ್ರಮ್ಮುಗಳನ್ನು ಬಿಸಿ ಕಾಂಪೋಸ್ಟಿನ ಸಾಧನವೆಂದು ಮಾರುತ್ತಾರಾದರೂ, ಹೆಚ್ಚಿನವು 200, 300 ಲೀಟರಿನವಾದ್ದರಿಂದ ಅವುಗಳಲ್ಲಿ ಬಿಸಿ ಬಹಳ ಕಾಲ ನಿಲ್ಲುವುದಿಲ್ಲ. ಅಚ್ಚುಕಟ್ಟಾಗಿರುತ್ತವೆ, ಇಲಿ ಬರುವುದಿಲ್ಲ ಎಂಬ ಕಾರಣಕ್ಕೆ ಕೊಳ್ಳುವುದಾದರೆ ಆಕ್ಷೇಪವಿಲ್ಲ.

ಸಿದ್ಧವಾಯಿತೇ, ಎಷ್ಟು ಹಾಕಬೇಕು

ರಾಶಿ ಕಪ್ಪಾದ ಕೂಡಲೇ ಪಾತಿಗೆ ಹಾಕುವುದು ಬಿಸಿ ಕಾಂಪೋಸ್ಟಿನಲ್ಲಿ ಹೆಚ್ಚಾಗಿ ಕಾಣುವ ತಪ್ಪು. ಮಗುಚಿದರೂ ಮತ್ತೆ ಬಿಸಿಯೇರದ ಹಂತ ತಲುಪಿದ ಮೇಲೂ ಅದನ್ನು ಕನಿಷ್ಠ ನಾಲ್ಕು ವಾರ ತೇವವಾಗಿ, ನೆರಳಿನಲ್ಲಿ ಮಾಗಲು ಬಿಡಬೇಕು. ಮಾಗದ ಗೊಬ್ಬರದಲ್ಲಿ ಅಮೋನಿಯ ಮತ್ತು ಸಾವಯವ ಆಮ್ಲಗಳು ಉಳಿದಿದ್ದು ಎಳೆಯ ಬೇರುಗಳನ್ನು ಸುಡುತ್ತವೆ. ಇಂಗಾಲ ಹೆಚ್ಚಿದ್ದರೆ ಅದನ್ನು ಒಡೆಯುವ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೇ ಕಸಿದುಕೊಂಡು ಗಿಡಗಳು ಹಳದಿಯಾಗುತ್ತವೆ. ಮಾಗಿದೆಯೇ ಎಂದು ತಿಳಿಯಲು ಒಂದು ಹಿಡಿ ತೇವದ ಗೊಬ್ಬರವನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಬೇಕು. ತೆರೆದಾಗ ಮಣ್ಣಿನ ವಾಸನೆ ಬಂದರೆ ಸರಿ, ಹುಳಿ ಅಥವಾ ಅಮೋನಿಯ ವಾಸನೆ ಬಂದರೆ ಇನ್ನೂ ಕಾಯಬೇಕು. ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಎರಡು ಬಟ್ಟಲುಗಳಲ್ಲಿ, ಒಂದರಲ್ಲಿ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬರಿಯ ಮಣ್ಣು ತುಂಬಿ ಮೂಲಂಗಿ ಬೀಜ ಬಿತ್ತಿ, ಮೊಳಕೆಗಳ ಸಂಖ್ಯೆಯನ್ನೂ ಬೇರಿನ ಉದ್ದವನ್ನೂ ಹೋಲಿಸಿ ನೋಡಬಹುದು.

ಪಾತಿಗಳಿಗೆ ಎರಡೂವರೆಯಿಂದ ಐದು ಸೆಂಟಿಮೀಟರ್ ದಪ್ಪದ ಪದರ ಸಾಕು. ಒಂದು ಘನ ಮೀಟರಿನ ರಾಶಿ ಅರ್ಧಕ್ಕೆ ಇಳಿದರೆ, ಎರಡೂವರೆ ಸೆಂಟಿಮೀಟರ್ ದಪ್ಪದಲ್ಲಿ ಅದು 20 ಚದರ ಮೀಟರ್ ಪಾತಿಯನ್ನು ಮುಚ್ಚುತ್ತದೆ; ವರ್ಷಕ್ಕೆ ಎಷ್ಟು ರಾಶಿ ಕಟ್ಟಬೇಕೆಂಬುದನ್ನು ಈ ಲೆಕ್ಕದಿಂದಲೇ ನಿರ್ಧರಿಸಬಹುದು. ಮೇಲ್ಮಣ್ಣಿನಲ್ಲಿ ಬೆರೆಸಿದರೂ ಆಗುತ್ತದೆ, ಮೇಲೆ ಹರಡಿ ಎರೆಹುಳುಗಳಿಗೆ ಬಿಟ್ಟರೂ ಆಗುತ್ತದೆ. ಕುಂಡಗಳಲ್ಲಿ ಮಿಶ್ರಣದ ಕಾಲುಭಾಗದಿಂದ ಮೂರನೆಯ ಒಂದು ಭಾಗವನ್ನು ಮೀರಬಾರದು, ಏಕೆಂದರೆ ಕಾಂಪೋಸ್ಟಿನಲ್ಲಿ ಲವಣಾಂಶವಿರುತ್ತದೆ ಮತ್ತು ಅದು ಕಾಲಕ್ರಮದಲ್ಲಿ ಕುಗ್ಗಿ ಕುಂಡದ ಮಣ್ಣು ತಗ್ಗುತ್ತದೆ. ಕಾಂಪೋಸ್ಟಿನಲ್ಲಿ ಸಾರಜನಕ ಸಾಮಾನ್ಯವಾಗಿ ಶೇಕಡಾ ಒಂದರಿಂದ ಎರಡರಷ್ಟಿದ್ದು, ಅದರಲ್ಲಿಯೂ ಸ್ವಲ್ಪ ಭಾಗ ಮಾತ್ರ ಮೊದಲ ಹಂಗಾಮಿನಲ್ಲಿ ಗಿಡಕ್ಕೆ ದೊರೆಯುತ್ತದೆ. ಹೆಚ್ಚು ಸಾರಜನಕ ಬೇಡುವ ಬೆಳೆಗಳಿಗೆ ಅದಕ್ಕಾಗಿ ಕಾಂಪೋಸ್ಟಿನ ಪ್ರಮಾಣವನ್ನೇ ಏರಿಸುತ್ತ ಹೋದರೆ, ವಿಶೇಷವಾಗಿ ಸಗಣಿ ಅಥವಾ ಕೋಳಿಗೊಬ್ಬರದಿಂದ ಮಾಡಿದ್ದರೆ, ಮಣ್ಣಿನಲ್ಲಿ ರಂಜಕ ಅನಗತ್ಯವಾಗಿ ಶೇಖರಗೊಳ್ಳುತ್ತದೆ. ಕೆಲವು ವರ್ಷ ಧಾರಾಳವಾಗಿ ಹಾಕಿದ ಪಾತಿಗೆ ಮತ್ತೆ ಹಾಕುವ ಮುನ್ನ ಮಣ್ಣಿನ ಪರೀಕ್ಷೆ ಮಾಡಿಸುವುದು ಲೇಸು.

ಮಾಗಿದ ರಾಶಿಯನ್ನು ಒಡೆಯುವಾಗ, ಅದರಲ್ಲಿಯೂ ಒಣಗಿ ಧೂಳೇಳುತ್ತಿದ್ದರೆ, ಮೊದಲು ನೀರು ಚಿಮುಕಿಸಿ, ಮುಖಗವಸು ಹಾಕಿಕೊಂಡು, ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಕಾಂಪೋಸ್ಟಿನ ಧೂಳಿನಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣಗಳೂ, ಕೆಲವೊಮ್ಮೆ ನ್ಯುಮೋನಿಯ ತರುವ ಲೀಜಿಯೊನೆಲ್ಲಾ ಲಾಂಗ್‌ಬೀಚೇ ಬ್ಯಾಕ್ಟೀರಿಯಾವೂ ಇರುತ್ತವೆ. ಶ್ವಾಸಕೋಶದ ತೊಂದರೆ ಇರುವವರು ಮತ್ತು ರೋಗನಿರೋಧಕ ಶಕ್ತಿ ಕುಂದಿರುವವರು ಮಗುಚುವ ಹಾಗೂ ಜರಡಿ ಹಿಡಿಯುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಹೊರಗಿನ ಹುಲ್ಲು ಅಥವಾ ಸಗಣಿ ಸೇರಿದ ಗೊಬ್ಬರವಾದರೆ ಪಾತಿಗೆ ಹರಡುವ ಮೊದಲು ಒಂದೆರಡು ಬಟ್ಟಲುಗಳಲ್ಲಿ ಮಣ್ಣಿನೊಂದಿಗೆ ಬೆರೆಸಿ ಹುರುಳಿಕಾಯಿ ಅಥವಾ ಬಟಾಣಿ ಬಿತ್ತಿ ನೋಡಬೇಕು. ಮೂರನೆಯ ವಾರದ ಹೊತ್ತಿಗೆ ಹೊಸ ಎಲೆಗಳು ಬಟ್ಟಲಿನಂತೆ ಮುದುಡದೆ ಹರಡಿಕೊಂಡಿದ್ದರೆ ಕಳೆನಾಶಕದ ಭಯವಿಲ್ಲದೆ ಅದನ್ನು ತರಕಾರಿ ಪಾತಿಗಳಿಗೆ ಬಳಸಬಹುದು, ಮುದುಡಿದ್ದರೆ ಆ ರಾಶಿಯನ್ನು ಹುಲ್ಲುಹಾಸಿಗೆ ಮಾತ್ರ ಮೀಸಲಿಡಬೇಕು.